ಸಾಲಿನಲ್ಲಿ ಸೆಲ್ಮೊನ ಕ್ಯಾನು

ಎಪಿಫಾನಿಯಾಳನ್ನು ದಿನಾಗತ್ ದ್ವೀಪದ ಆ ಕರಾವಳಿ ರಸ್ತೆಯಲ್ಲಿ ಚಿಕ್ಕವರೆಲ್ಲ ಕರೆಯುತ್ತಿದ್ದದ್ದು ಮನಾಂಗ್ ಪಾನ್ಯಾಂಗ್, ಅಂದರೆ ಪಾನ್ಯಾಂಗ್ ಅಕ್ಕ, ಎಂದು. ಮನೆ ಮುಂದಿನ ಮರದ ಗೂಡಿನಲ್ಲಿ, ತಂಪು ಪಾನೀಯದ ಹಳೆಯ ಲೀಟರ್ ಸೀಸೆಗಳಲ್ಲಿ ಪೆಟ್ರೋಲ್ ತುಂಬಿಟ್ಟು ಇಪ್ಪತ್ತೆರಡು ವರ್ಷದಿಂದ ಮಾರುತ್ತಿದ್ದಳು. ಗಂಡ ಸತ್ತ ಮೇಲೆ ಮೂವರು ಹೆಣ್ಣುಮಕ್ಕಳನ್ನು ದಡ ಸೇರಿಸಿದ್ದು ಆ ಸೀಸೆಗಳೇ. ಮಾತು ಒರಟು, ಮೂಗು ಸೂಕ್ಷ್ಮ. ಸೀಸೆಯ ಬಾಯಿಗೆ ಒಮ್ಮೆ ಮೂಗು ಹಿಡಿದರೆ ಸಾಕು, ಸೀಮೆಎಣ್ಣೆ ಬೆರೆತಿದೆಯೋ ಇಲ್ಲವೋ ಹೇಳಿಬಿಡುತ್ತಿದ್ದಳು.

ಡಿಸೆಂಬರಿನ ಬಿರುಗಾಳಿಯ ಹಿಂದಿನ ದಿನ ಮೀನುಗಾರ ಸೆಲ್ಮೊ ತನ್ನ ನೀಲಿ ಕ್ಯಾನು ಹಿಡಿದು ಬಂದ. ಅದನ್ನು ಎಲ್ಲೆಂದರಲ್ಲಿ ಮರೆತು ಬರುವುದು ಅವನ ಅಭ್ಯಾಸ. ಹಾಗಾಗಿ ಪಾನ್ಯಾಂಗಳೇ ಒಮ್ಮೆ ಅದರ ಮೇಲೆ ಬಿಳಿ ಬಣ್ಣದಲ್ಲಿ ಅವನ ಹೆಸರು ಬರೆದುಕೊಟ್ಟಿದ್ದಳು. ಬಣ್ಣ ಹೆಚ್ಚಾಗಿ ಕೊನೆಯ ಅಕ್ಷರದಿಂದ ಒಂದು ಬಾಲ ಇಳಿದಿತ್ತು.

"ಗಾಳಿ ಬರುತ್ತೆ ಅಂತ ರೇಡಿಯೋದಲ್ಲಿ ಬಡ್ಕೋತಿದಾರೆ, ನೀನು ಎಲ್ಲಿಗೋ ಹೊರಟೆ?" ಅಂದಳು.

"ದೋಣಿ ಇಲ್ಲೇ ಬಿಟ್ರೆ ಚೂರಾಗುತ್ತೆ ಮನಾಂಗ್. ಕಡಲಾಚೆ ಪಾಗ್‌ಬುಯಾದಲ್ಲಿ, ಉಪ್ಪುನೀರಿನ ಕಾಂಡ್ಲಾ ಕಾಡೊಳಗೆ ಕಟ್ಟಿ ಬರ್ತೀನಿ."

"ಬರೋದು ಹೇಗೆ? ಈಜ್ಕೊಂಡಾ?"

"ಅಲ್ಲೇ ಮಲಗಿ, ಗಾಳಿ ನಿಂತ ಮೇಲೆ ಬರ್ತೀನಿ. ಐದು ಲೀಟರ್ ಹಾಕಿ, ನಾಳೆಯಿಂದ ನೀವೇ ರೇಟು ಏರಿಸ್ತೀರ."

ಅವಳು ನಕ್ಕು ತುಂಬಿಸಿ ಕೊಟ್ಟಳು.

ಗಾಳಿ ಮರುದಿನ ಮಧ್ಯಾಹ್ನ ಬಂತು, ಸಂಜೆಯೊಳಗೆ ಹೋಯಿತು. ಪಾನ್ಯಾಂಗ್ ಆಸರೆ ಪಡೆದಿದ್ದ ಶಾಲೆಯ ಕಟ್ಟಡದಿಂದ ಹೊರಬಂದು ನೋಡಿದರೆ ಗುಡ್ಡಗಳಲ್ಲಿ ಒಂದು ಎಲೆಯೂ ಉಳಿದಿರಲಿಲ್ಲ. ಬೆಂಕಿ ಬಿದ್ದ ಹಾಗೆ ಎಲ್ಲ ಕಂದು. ತೆಂಗಿನ ಮರಗಳಿಗೆ ತಲೆಯೇ ಇಲ್ಲ. ಹಕ್ಕಿಗಳು ಎಲ್ಲಿಗೆ ಹೋದವೋ. ಅವಳನ್ನು ಹೆಚ್ಚು ಹೆದರಿಸಿದ್ದು ಸದ್ದಿಲ್ಲದಿರುವುದು. ಬೈಕಿಲ್ಲ, ದೋಣಿಯ ಪಟಪಟ ಇಲ್ಲ. ಗುಡ್ಡದಾಚೆ ಯಾರೋ ಕೆಮ್ಮಿದ್ದು ಪಕ್ಕದಲ್ಲೇ ಕೆಮ್ಮಿದಂತೆ ಕೇಳುತ್ತಿತ್ತು.

ಅವಳು ಮೊದಲೇ ಮರಳಲ್ಲಿ ಹೂತಿಟ್ಟಿದ್ದ ಹದಿನಾಲ್ಕು ಸೀಸೆಗಳು ಒಡೆಯದೆ ಉಳಿದಿದ್ದವು. ಸೀಸೆಗೆ ಅರವತ್ತು ಪೆಸೊ ಇದ್ದದ್ದನ್ನು ಮೊದಲ ಬೈಕಿನವನೇ ನೂರೈವತ್ತು ಕೊಡುತ್ತೇನೆಂದ. ಇನ್ನೊಬ್ಬ ಇನ್ನೂರು ಎಂದ. ಮನೆಗೆ ಸೂರಿರಲಿಲ್ಲ. ಅವಳು ಇನ್ನೂರಕ್ಕೇ ಎಲ್ಲವನ್ನೂ ಕೊಟ್ಟುಬಿಟ್ಟಳು. ಮೂರನೆಯ ದಿನ ಸೆಲ್ಮೊನ ಅಣ್ಣ ದೆನ್ಸ್ಯೊ ಬಂದ.

"ಸೆಲ್ಮೊ ಬಂದಿಲ್ಲ. ನನ್ನ ದೋಣಿ ಸರಿಯಾಗಿದೆ, ಹುಡುಕೋಕೆ ಹೋಗ್ಬೇಕು. ನಾಲ್ಕು ಸೀಸೆ ಕೊಡಿ ಮನಾಂಗ್."

"ಒಂದೂ ಇಲ್ಲ ಕಣಪ್ಪ."

ಅವನು ಖಾಲಿ ಗೂಡನ್ನು ನೋಡಿದ. ಡಿಸೆಂಬರಿನ ಆ ಅಲೆಗಳಲ್ಲಿ ಹುಟ್ಟು ಹಾಕಿಕೊಂಡು ಪಾಗ್‌ಬುಯಾ ಮುಟ್ಟುವುದು ಆಗದ ಮಾತು. ಹೊರಟುಹೋದ.

ಸುರಿಗಾವ್‌ನಿಂದ ತೈಲ ತರುವ ಹಡಗಿಗೆ ನಿಲ್ಲಲು ಕಟ್ಟೆಯೇ ಉಳಿದಿರಲಿಲ್ಲ. ಊರಿನ ಬಂಕಿನ ತೊಟ್ಟಿಯಲ್ಲಿ ಪೆಟ್ರೋಲ್ ಇತ್ತು, ಎತ್ತಲು ಕರೆಂಟಿರಲಿಲ್ಲ. ಐದನೆಯ ದಿನ ಎಲ್ಲಿಂದಲೋ ಜನರೇಟರ್ ತಂದು ದಿನಕ್ಕೆ ಒಂದು ಗಂಟೆ, ನಲವತ್ತು ಕ್ಯಾನು, ಕ್ಯಾನಿಗೆ ಐದೇ ಲೀಟರ್ ಎಂದು ಶುರು ಮಾಡಿದರು. ಜನ ಕ್ಯಾನುಗಳನ್ನು ಸಾಲಿಗಿಟ್ಟು, ಹಾರದಂತೆ ಮೇಲೆ ಕಲ್ಲು ಹೇರಿ, ನೀರು ಹುಡುಕಲೋ ಸೂರು ಹೊದಿಸಲೋ ಹೋಗುತ್ತಿದ್ದರು. ಸುಡುಬಿಸಿಲಲ್ಲಿ ಬೋಳು ಮರಗಳ ನಡುವೆ ಅರ್ಧ ಮೈಲಿ ಕ್ಯಾನುಗಳ ಸಾಲು, ಒಬ್ಬ ಮನುಷ್ಯನೂ ಇಲ್ಲ. ಅದರ ಪಕ್ಕ ನಡೆಯುವಾಗ ಪಾನ್ಯಾಂಗಳಿಗೆ ಯಾರೋ ಉಸಿರು ಬಿಗಿಹಿಡಿದು ಕೂತಂತೆ ಅನಿಸುತ್ತಿತ್ತು.

ಏಳನೆಯ ದಿನ ಅವಳು ತನ್ನ ಹಳದಿ ಕ್ಯಾನನ್ನು ನೋಡಲು ಹೋದಾಗ, ಅದಕ್ಕಿಂತ ಹತ್ತು ಕ್ಯಾನು ಮುಂದೆ ನೀಲಿಯದೊಂದು ಕಂಡಿತು. ಮೇಲೆ ಅವಳದೇ ಅಕ್ಷರ. ಕೊನೆಯಲ್ಲಿ ಇಳಿದ ಬಾಲ.

ಓಡಿಹೋಗಿ ಸೆಲ್ಮೊನ ಹೆಂಡತಿ ಲಿಬ್ರಾದಾಳನ್ನು ಕರೆತಂದಳು. "ಇದನ್ನ ನೀನಿಟ್ಯಾ?"

ಲಿಬ್ರಾದಾ ಹತ್ತಿರ ಹೋಗಲಿಲ್ಲ. "ಅವತ್ತು ದೋಣೀಲಿ ತಗೊಂಡು ಹೋದ್ರು. ನಾನೇ ಎತ್ತಿ ಕೈಗೆ ಕೊಟ್ಟೆ," ಅಂದಳು. ಆಮೇಲೆ ಬಹಳ ಮೆಲ್ಲಗೆ, "ಬಂದಿದಾರಾ ಮನಾಂಗ್?" ಎಂದು ಕೇಳಿದಳು.

 ಪಾನ್ಯಾಂಗ್ ಸಾಲಿನವರನ್ನೆಲ್ಲ ಕೇಳಿದಳು. ಮುಂದಿನವನು ಹಿಂದಿನವನಿಟ್ಟದ್ದು ಎಂದ, ಹಿಂದಿನವನು ತಾನು ಬಂದಾಗಲೇ ಇತ್ತು ಎಂದ. ಸಾಲು ಸರಿದಾಗಲೆಲ್ಲ ನೀಲಿ ಕ್ಯಾನೂ ಸರಿದಿರುತ್ತಿತ್ತು. ಸರಿಸಿದವರು ತಾವೆಂದು ಯಾರೂ ಹೇಳಲಿಲ್ಲ. ಆದರೆ ಅದನ್ನು ದಾಟಿ ಮುಂದೆ ಹೋಗುವ ಧೈರ್ಯವೂ ಯಾರಿಗೂ ಬರಲಿಲ್ಲ.

ಒಂಬತ್ತನೆಯ ದಿನ ಅದು ಪಂಪಿನ ಮುಂದೆ ಬಂತು. ಬಂಕಿನ ತಿನೊಂಗ್ ನಳಿಕೆ ಹಿಡಿದು ನಿಂತ. "ಇದ್ಯಾರ್ದು?"

 ಜನರೇಟರಿನ ಸದ್ದೊಂದೇ.

"ನಂದು. ತುಂಬು," ಅಂದಳು ಪಾನ್ಯಾಂಗ್.

"ನಿಮ್ಮದು ಹಳದಿ ಅಲ್ವಾ ಮನಾಂಗ್? ಹಿಂದಿದೆಯಲ್ಲ."

"ಅದರ ಜಾಗ ಬೇರೆ ಯಾರಾದ್ರೂ ತಗೊಳ್ಳಿ. ಇದನ್ನ ತುಂಬು."

ಅಭ್ಯಾಸಬಲದಿಂದ ಅವಳು ಮುಚ್ಚಳ ತೆಗೆದು ಮೂಗು ಹಿಡಿದಳು. ಐದು ವರ್ಷ ಪೆಟ್ರೋಲ್ ಹೊತ್ತ ಕ್ಯಾನು. ಅದರಲ್ಲಿ ವಾಸನೆಯೇ ಇರಲಿಲ್ಲ. ಪೆಟ್ರೋಲಿಲ್ಲ, ಉಪ್ಪಿಲ್ಲ, ಕೆಸರಿಲ್ಲ.  ಆದರೂ ಹಿಡಿದ ಕ್ಯಾನು ಬಿಡಲಿಲ್ಲ.

ತುಂಬಿದ ಕ್ಯಾನನ್ನು ತಾನೇ ಹೊತ್ತು ದೆನ್ಸ್ಯೊನ ಮನೆಗೆ ಹೋದಳು. "ಹೊರಡು," ಅಂದಳು. ಅವನು ಕ್ಯಾನಿನ ಮೇಲಿನ ಹೆಸರು ಓದಿ, ಶಿಲುಬೆಯ ಗುರುತು ಮಾಡಿಕೊಂಡು ಎದ್ದ. ಲಿಬ್ರಾದಾಳೂ ದೋಣಿ ಹತ್ತಿದಳು. ಅಷ್ಟು ದಿನಗಳ ನಂತರ ದಡದಿಂದ ಹೊರಟ ಆ ಒಂದು ಯಂತ್ರದ ಸದ್ದಿಗೆ ಜನ ಮನೆಗಳಿಂದ ಹೊರಬಂದು ನಿಂತರು. ಯಾರೂ ಕೈ ಬೀಸಲಿಲ್ಲ.

ಪಾಗ್‌ಬುಯಾದಲ್ಲಿ ಹತ್ತೊಂಬತ್ತು ಮನೆಗಳಿದ್ದವು, ಒಂದೂ ನಿಂತಿರಲಿಲ್ಲ. ನೀರಂಚಿನಲ್ಲೇ ಒಬ್ಬ ಮುದುಕಿ ಕಾದಿದ್ದಳು.

"ಸೆಲ್ಮೊನ ಕಡೆಯವರಾ? ದಿನಾ ನಿಮ್ಮ ದಾರಿನೇ ನೋಡ್ತಿದ್ದೆ. ಗಾಳಿ ನಿಂತ ಮಾರನೇ ದಿನವೇ ಮಣ್ಣು ಮಾಡಿದ್ವಿ ತಾಯಿ. ಹೇಳಿ ಕಳಿಸೋಣ ಅಂದ್ರೆ ಇಲ್ಲಿ ಯಾರ ಹತ್ರಾನೂ ಒಂದು ತೊಟ್ಟು ಪೆಟ್ರೋಲ್ ಇರಲಿಲ್ಲ."

ದೋಣಿಯ ಹಗ್ಗದಿಂದಲೇ ತನ್ನನ್ನು ಕಾಂಡ್ಲಾ ಮರಕ್ಕೆ ಕಟ್ಟಿಕೊಂಡಿದ್ದನಂತೆ. ನೀರು ಮರಕ್ಕಿಂತ ಮೇಲೆ ಏರಿತ್ತು. ಕ್ಯಾನಿನ ಬಗ್ಗೆ ಕೇಳಿದ್ದಕ್ಕೆ, ಮೊದಲ ಅಲೆಗೇ ನೀಲಿಯದೊಂದು ತೇಲಿಹೋದದ್ದನ್ನು ಕಂಡೆ ಎಂದಳು ಮುದುಕಿ. ಮಾತಾಡುತ್ತ, ಅವರು ದೋಣಿಯಿಂದ ಇಳಿಸಿಟ್ಟಿದ್ದ ಕ್ಯಾನನ್ನು ಕಂಡವಳೇ ಎರಡು ಹೆಜ್ಜೆ ಹಿಂದೆ ಸರಿದಳು.

ಅವರು ಮರಳಿ ಬಂದು ಇದನ್ನೆಲ್ಲ ಹೇಳಿದ ಮೇಲೆ, ಕ್ಯಾನನ್ನು ಊರ ದಡದಲ್ಲಿ ಯಾರೋ ಹೆಕ್ಕಿ, ತನಗಾಯಿತೆಂದು ಸಾಲಿಗಿಟ್ಟು, ಕೆಸರು ಒಣಗಿ ಹೆಸರು ಕಂಡಾಗ ಹೆದರಿ ಬಿಟ್ಟು ಹೋಗಿರಬೇಕು ಎಂದು ಪಾನ್ಯಾಂಗ್ ಲೆಕ್ಕ ಹಾಕಿದಳು. ನಾನೇ ಎಂದು ಇವತ್ತಿಗೂ ಯಾರೂ ಬಂದು ಹೇಳಿಲ್ಲ. ವಾಸನೆಯ ಸಂಗತಿಯನ್ನು ಅವಳು ಲಿಬ್ರಾದಾಳಿಗೆ ಹೇಳಲಿಲ್ಲ. ಸೀಸೆಗಳ ಸಂಗತಿಯನ್ನು ಮಾತ್ರ ಹೇಳಿದಳು.

"ಇನ್ನೂರಕ್ಕೆ ಮಾರಿಬಿಟ್ಟೆ. ನಾಲ್ಕು ಇಟ್ಕೊಂಡಿದ್ರೆ ಮೂರನೇ ದಿನವೇ ನಿಂಗೆ ಗೊತ್ತಾಗ್ತಿತ್ತು."

ಲಿಬ್ರಾದಾ ಬೇಯಿಸಿದ ಮರಗೆಣಸಿನ ಸಿಪ್ಪೆ ಸುಲಿಯುತ್ತ ಕೂತಿದ್ದಳು. "ಆ ಆರು ದಿನ ನಾನು ಇಬ್ಬರಿಗೂ ಸೇರಿಸಿ ಅನ್ನ ಮಾಡ್ತಿದ್ದೆ ಮನಾಂಗ್," ಅಂದಳು. ಬೈದದ್ದೋ ಸಮಾಧಾನ ಹೇಳಿದ್ದೋ ಪಾನ್ಯಾಂಗಳಿಗೆ ತಿಳಿಯಲಿಲ್ಲ. ಅವಳ ಕೈಯಿಂದ ಒಂದು ತುಂಡು ತೆಗೆದುಕೊಂಡು ಜೊತೆಗೇ ಕೂತು ತಿಂದಳು.

ಜನವರಿ ಕೊನೆಗೆ ಹಡಗು ಬಂತು, ದರ ಮೆಲ್ಲಗೆ ಇಳಿಯಿತು. ಮೊದಲ ಲೀಟರ್ ಸಿಕ್ಕ ದಿನವೇ ಪಾಗ್‌ಬುಯಾದ ಮುದುಕಿ ಕಡಲು ದಾಟಿ ಬಂದಳು. ಸೆಲ್ಮೊ ತೊಟ್ಟಿದ್ದ ಅಂಗಿಯನ್ನು ಒಗೆದು, ಹರಿದ ಕಡೆ ಹೊಲಿದು, ಮಡಿಸಿ ತಂದಿದ್ದಳು. ಲಿಬ್ರಾದಾ ಅದನ್ನು ಮಡಿಲಲ್ಲಿಟ್ಟುಕೊಂಡು, ಬಂದವಳಿಗೆ ಕಾಫಿ ಕಾಯಿಸುವಂತೆ ಪಾನ್ಯಾಂಗಳಿಗೆ ಹೇಳಿದಳು.