ಅಕ್ಕನ ಕಾಲಿಗೆ ಜಟಾಮಾಂಸಿ

ಪವಿತ್ರ ವಾರದ ಸೋಮವಾರ ಚರ್ಚಿನಲ್ಲಿ ಓದುವ ಶುಭಸಂದೇಶ ನನಗೆ ಬಾಯಿಪಾಠ. ಬೆಥಾನಿಯ ಎಂಬ ಊರಿನ ಒಂದು ಮನೆಯಲ್ಲಿ ಊಟ ನಡೆದಿದೆ. ಮರಿಯ ಎಂಬ ಹೆಣ್ಣು ಬೆಲೆಬಾಳುವ ಜಟಾಮಾಂಸಿ ತೈಲವನ್ನು ತಂದು ಯೇಸುಸ್ವಾಮಿಯ ಪಾದಗಳಿಗೆ ಸುರಿದು ತನ್ನ ತಲೆಗೂದಲಿನಿಂದ ಒರೆಸುತ್ತಾಳೆ. ಮನೆಯೆಲ್ಲ ಪರಿಮಳ. ಶಿಷ್ಯರಲ್ಲಿ ಒಬ್ಬನಾದ ಯೂದ ಮಾತ್ರ, ಇದನ್ನು ಮಾರಿ ಬಡವರಿಗೆ ಕೊಡಬಹುದಿತ್ತಲ್ಲ ಎಂದು ಗೊಣಗುತ್ತಾನೆ. ಅವಳನ್ನು ಅವಳ ಪಾಡಿಗೆ ಬಿಡು, ನನ್ನನ್ನು ಹೂಳುವ ದಿನಕ್ಕಾಗಿ ಮಾಡುತ್ತಿದ್ದಾಳೆ ಎನ್ನುತ್ತಾರೆ ಸ್ವಾಮಿ.

ಮೂವತ್ತು ವರ್ಷ ಶಾಲೆಯ ಮಕ್ಕಳಿಗೆ, ರಿಟೈರ್ ಆದ ಮೇಲೆ ಚರ್ಚಿನ ಹೆಂಗಸರ ಪ್ರಾರ್ಥನಾ ಕೂಟಕ್ಕೆ ನಾನು ಈ ಕಥೆಯನ್ನು ಎಕ್ಸ್‌ಪ್ಲೇನ್ ಮಾಡುತ್ತ ಬಂದವಳು. ಕಾನ್ವೆಂಟಿನಲ್ಲಿ ನನಗೆ ಹೇಳಿಕೊಟ್ಟ ಹಾಗೆಯೇ: ದೇವರಿಗೆ ಕೊಡುವಾಗ ದಿ ವೆರಿ ಬೆಸ್ಟ್ ಕೊಡಬೇಕು. ಯೂದ ಕೆಟ್ಟವನು, ಮರಿಯ ಒಳ್ಳೆಯವಳು. ನಾನು ಯಾರ ಕಡೆಯವಳು ಎಂಬ ಪ್ರಶ್ನೆಯೇ ನನಗೆ ಏಳಲಿಲ್ಲ, ಅಕ್ಕನ ಬಲಗಾಲಿನ ಹೆಬ್ಬೆರಳು ಕಪ್ಪಾಗುವ ತನಕ.

ನಾವಿಬ್ಬರೂ ಹರಿಹರದಲ್ಲಿ ಹುಟ್ಟಿದವರು. ಅಪ್ಪ ತೀರಿಕೊಂಡಾಗ ಅಕ್ಕನಿಗೆ ಹದಿನಾರು, ನನಗೆ ಒಂಬತ್ತು. ಅವಳು ಶಾಲೆ ಬಿಟ್ಟು ಹೊಲಿಗೆ ಮೆಷಿನ್ ತುಳಿದಳು, ನಾನು ಕಾನ್ವೆಂಟಿಗೆ ಹೋದೆ. ನನ್ನ ಯೂನಿಫಾರ್ಮು, ನನ್ನ ಇಂಗ್ಲಿಷು, ನನ್ನ ಟೀಚರ್ ಕೆಲಸ ಎಲ್ಲವೂ ಆ ಬಲಗಾಲು ತುಳಿದು ತುಳಿದು ಬಂದದ್ದು. ಇಬ್ಬರಿಗೂ ಮದುವೆಯಾಗಲಿಲ್ಲ. ಕೆಲವು ವರ್ಷಗಳಿಂದ ದಾವಣಗೆರೆಯ ನಿಜಲಿಂಗಪ್ಪ ಬಡಾವಣೆಯಲ್ಲಿ ಒಂದು ಬಾಡಿಗೆ ಮನೆ ಮಾಡಿಕೊಂಡು ಒಟ್ಟಿಗಿದ್ದೇವೆ.

ಅಕ್ಕನಿಗೆ ಶುಗರ್ ಇತ್ತು. ಬೆರಳಿನ ಗಾಯ ಪಾದಕ್ಕೆ ಹಬ್ಬಿತು. ಕಾಲು ತೆಗೆಯಬೇಕು ಎಂದರು ಡಾಕ್ಟರ್. ಅವಳು ಒಪ್ಪಲಿಲ್ಲ. ಮನೆಯಲ್ಲಿ ವಾಸನೆ ಶುರುವಾಯಿತು. ಬಿಸಿಲಲ್ಲಿ ಬಿಟ್ಟ ಮಾಂಸದ ನೀರಿನ ವಾಸನೆ, ಅದರ ಮೇಲೆ ಫಿನಾಯಿಲು. ನಾನು ಚಿಕ್ಕಂದಿನಿಂದ ಕ್ಲೀನ್ ಸ್ವಭಾವದವಳು. ಕರವಸ್ತ್ರವನ್ನು ಮೂಗಿಗೆ ಹಿಡಿದು, ಅವಳ ಕೋಣೆಯ ಹೊಸ್ತಿಲಾಚೆ ಕುರ್ಚಿ ಹಾಕಿಕೊಂಡು ಬೈಬಲ್ ಓದುತ್ತಿದ್ದೆ.

"ಏ ಟೀಚರಮ್ಮ, ಅಲ್ಲಿ ಕುಂತು ಓದಿದ್ರೆ ದೇವರಿಗೆ ಕೇಳ್ತೈತೆ, ನನಗ ಕೇಳಲ್ಲ. ಒಳಗ ಬಾ."

"ಇಲ್ಲಿ ಸ್ವಲ್ಪ ಗಾಳಿ ಬರುತ್ತೆ ಅಕ್ಕ."

"ಗಾಳಿ ಅಲ್ಲ, ನನ್ ಕಾಲಿನ ನಾತ. ಹೇಳು, ಬೇಜಾರಿಲ್ಲ. ಬೇಕಾದ್ರೆ ಇಂಗ್ಲಿಷ್‌ನಾಗ ಹೇಳು, ನನಗ ತಿಳಿಯಲ್ಲ."

ಡ್ರೆಸ್ಸಿಂಗ್ ಮಾಡಲು ನಿಟ್ಟುವಳ್ಳಿಯಿಂದ ಒಬ್ಬ ಮುಸ್ಲಿಂ ಹೆಂಗಸು ಬರುತ್ತಿದ್ದಳು, ಹಿಂದೆ ನರ್ಸಿಂಗ್ ಹೋಮ್‌ನಲ್ಲಿ ಆಯಾ ಆಗಿದ್ದವಳು. ಅವಳು ಆ ಕಾಲನ್ನು ತೊಡೆಯ ಮೇಲಿಟ್ಟುಕೊಂಡು, ಪಕ್ಕದ ಮನೆಯವರ ಜಗಳದ ಸುದ್ದಿ ಹೇಳಿ ಅಕ್ಕನನ್ನು ನಗಿಸುತ್ತ ಪಟ್ಟಿ ಬಿಚ್ಚುತ್ತಿದ್ದಳು. ನಾನು ಬಾಗಿಲಲ್ಲಿ ನಿಂತು ಹತ್ತಿಯ ಕಟ್ಟನ್ನು ಚಾಚುತ್ತಿದ್ದೆ. ನನ್ನ ಡ್ಯೂಟಿ ಅಷ್ಟು.

ಈ ಸಲದ ಪವಿತ್ರ ವಾರದ ಸೋಮವಾರ ಪ್ರಾರ್ಥನಾ ಕೂಟದಲ್ಲಿ ಮರಿಯಳ ಬಗ್ಗೆ ಮಾತಾಡಿ ಬಂದೆ. ಚೆನ್ನಾಗಿಯೇ ಮಾತಾಡಿದೆ, ಒಬ್ಬಿಬ್ಬರು ಕಣ್ಣೊರೆಸಿಕೊಂಡರು. ಏನು ಹೇಳಿದೆ ಎಂದು ಅಕ್ಕ ಕೇಳಿದಳು. ಹೊಸ್ತಿಲಾಚೆಯಿಂದಲೇ ಮತ್ತೆ ಹೇಳಿದೆ. ಅವಳು ಕೇಳಿಸಿಕೊಂಡು ಪಟ್ಟಿ ಕಟ್ಟಿದ ಕಾಲನ್ನು ಹೊದಿಕೆಯಿಂದ ಹೊರಗೆ ಚಾಚಿದಳು.

"ಒಂದ್ಸಲ ನನ್ ಕಾಲಿಗೂ ಎಣ್ಣೆ ಹಚ್ಚೆ. ಆಯಾ ಕೈ ಬ್ಯಾಡ. ನಿನ್ ಕೈಲಿ."

"ಗಾಯಕ್ಕೆ ಎಣ್ಣೆ ಹಚ್ಚಬಾರದು, ಇನ್‌ಫೆಕ್ಷನ್ ಆಗುತ್ತೆ. ಡಾಕ್ಟರ್ ಬೈತಾರೆ. ಸುಮ್ನೆ ವೇಸ್ಟ್."

"ಗಾಯಕ್ಕಲ್ಲ ಮಾರಾಯ್ತಿ, ಹಿಮ್ಮಡಿಗೆ. ಹಿಮ್ಮಡಿ ಚೆನ್ನಾಗೈತೆ."

"ನಾಳೆ ನೋಡೋಣ."

ನಾನು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ತುಂಬಾ ಸೆನ್ಸಿಬಲ್ ಮಾತು. ಯೂದ ಹೇಳಿದ್ದೂ ಸೆನ್ಸಿಬಲ್ ಮಾತೇ.

ಮಂಗಳವಾರ ಬೆಳಗ್ಗೆ ಜ್ವರ ಏರಿ ಅಕ್ಕ ತೊದಲತೊಡಗಿದಳು. ಆಸ್ಪತ್ರೆಗೆ ಸೇರಿಸಿದೆವು. ವಿಷ ಮೇಲೇರುತ್ತಿದೆ, ಮೊಣಕಾಲಿನ ಕೆಳಗೆ ತೆಗೆಯದಿದ್ದರೆ ಜೀವ ಉಳಿಯುವುದಿಲ್ಲ ಎಂದರು. ಜ್ವರ ಸ್ವಲ್ಪ ಇಳಿದಾಗ ಅವಳು ಹೆಬ್ಬೆಟ್ಟು ಒತ್ತದೆ ಸಹಿ ಮಾಡಿಯೇ ಒಪ್ಪಿಗೆ ಕೊಟ್ಟಳು. ಥಿಯೇಟರಿಗೆ ಒಯ್ಯುವ ಮೊದಲು ನನ್ನ ಸೆರಗು ಹಿಡಿದೆಳೆದಳು.

"ನನ್ ಕಾಲನ್ನ ಆಸ್ಪತ್ರೆ ಕಸದಾಗ ಬಿಡಬ್ಯಾಡ. ಹರಿಹರದಾಗ ಅವ್ವನ ಹತ್ರ ಇಡು. ಉಳಿದಿದ್ದು ಆಮ್ಯಾಲೆ ಬರ್ತೈತಂತ ಹೇಳು."

ಅರ್ಜಿ ಬರೆದುಕೊಟ್ಟರೆ ಕಾಲನ್ನು ಮನೆಯವರಿಗೇ ಕೊಡುತ್ತೇವೆ ಎಂದರು ಆಸ್ಪತ್ರೆಯವರು. ಜೊತೆಗಿದ್ದ ಆಯಾಳಿಗೆ ಇದು ವಿಚಿತ್ರ ಎನ್ನಿಸಲಿಲ್ಲ.

"ನಮ್ಮಲ್ಲೂ ಹಂಗೇ ಟೀಚರ್ರೇ, ಮಣ್ಣಿಗೆ ಕೊಡ್ತೀವಿ. ಬಿಳೀ ಬಟ್ಟೆ ತಗೊಳ್ರಿ, ಎರಡು ಮೀಟರ್ ಸಾಕು. ಒಂಚೂರು ಸುಗಂಧ ಹಾಕ್ರಿ."

"ಜಟಾಮಾಂಸಿ ಅಂತ ಒಂದು ಬರುತ್ತಲ್ಲ, ಇಸ್ರೇಲಿನ ಕಡೆ..." ಎಂದೆ, ಯಾಕೆಂದು ತಿಳಿಯದೆ.

ಅವಳು ನಕ್ಕೇಬಿಟ್ಟಳು. "ಅರೆ! ಯಾವ ಇಸ್ರೇಲ್‌ರೀ? ಗ್ರಂಥಿಗೆ ಅಂಗಡೀಲಿ ಐತೆ. ಕೂದ್ಲು ಉದುರಿದ್ರೆ ಹಚ್ಕೊಳ್ಳೋದು. ಇಷ್ಟು ಓದೀರಿ, ಗೊತ್ತಿಲ್ವಾ?"

ಗೊತ್ತಿರಲಿಲ್ಲ. ಬೇರು ನಾರು ಮಾರುವ ಆ ಅಂಗಡಿಯ ಮುಂದೆ ವರ್ಷಗಟ್ಟಲೆ ಓಡಾಡಿದ್ದೇನೆ. ಒಂದು ಸೀಸೆ ತೈಲ ಕೊಂಡು ಮುಚ್ಚಳ ತೆಗೆದೆ. ಮಲ್ಲಿಗೆ, ಗುಲಾಬಿಗಿಂತ ಸ್ವೀಟ್ ಎಂದು ಮಕ್ಕಳಿಗೆ ಹೇಳುತ್ತಿದ್ದೆ. ಅದು ಹಾಗಿರಲಿಲ್ಲ. ಒದ್ದೆ ಮಣ್ಣು, ಹಳೆಯ ಬೇರು, ಎರಡು ದಿನ ತೊಳೆಯದ ತಲೆ. ಒಳ್ಳೆಯ ವಾಸನೆಯೋ ಕೆಟ್ಟದ್ದೋ ಹೇಳಲಾರೆ.

ಬುಧವಾರ ಮಧ್ಯಾಹ್ನ ಅಕ್ಕನನ್ನು ಆಯಾಳ ಹತ್ತಿರ ಬಿಟ್ಟು, ಕಾಲು ಸುತ್ತಿದ ಬಿಳಿ ಬಟ್ಟೆಯ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಆಟೋದಲ್ಲಿ ಹರಿಹರಕ್ಕೆ ಹೋದೆ. ನಾಲ್ಕು ಕೇಜಿ ಅಕ್ಕಿಯಷ್ಟು ಭಾರವಿತ್ತು. ಆಟೋದವನು ಕನ್ನಡಿಯಲ್ಲಿ ನೋಡಿದ.

"ಹಬ್ಬಕ್ಕ ಮಟನ್ ಏನ್ರೀ ಅಮ್ಮ? ಸೀಟಿಗೆ ಹತ್ತೀತು, ಹುಷಾರು."

"ಹೂಂ," ಎಂದೆ.

ಅವ್ವನನ್ನು ಹೂಳಿದ್ದ ಸ್ಮಶಾನದಲ್ಲಿ ಸಮಾಧಿ ನೋಡಿಕೊಳ್ಳುವ ಮುದುಕ ಗುದ್ದಲಿ ಹಿಡಿದು ನಿಂತಿದ್ದ. ಎಷ್ಟುದ್ದ ತೋಡಬೇಕು ಎಂದು ಕೇಳಿದ. ಕಾಲು ಅಷ್ಟೇ ಎಂದೆ.

"ಉಳಿದೋರು?"

"ಆಸ್ಪತ್ರೆಯಲ್ಲಿ ಮಲಗಿದ್ದಾರೆ."

ಅವನು ತಲೆಯಾಡಿಸಿದ. "ಹಂಗಾರೆ ಪಕ್ಕದಾಗ ಜಾಗ ಬಿಟ್ಟು ತೋಡ್ತೀನ್ರಿ."

ಅವನು ತೋಡುವಾಗ ನಾನು ನೆಲದ ಮೇಲೆ ಕುಳಿತು ಬಟ್ಟೆ ಬಿಚ್ಚಿದೆ. ಬೆರಳುಗಳ ಕಡೆ ನೋಡಲಿಲ್ಲ. ಹಿಮ್ಮಡಿ ಅವಳು ಹೇಳಿದಂತೆ ಚೆನ್ನಾಗಿತ್ತು, ಒರಟಾಗಿ, ಹಳದಿಯಾಗಿ. ಸೀಸೆಯಲ್ಲಿದ್ದದ್ದನ್ನೆಲ್ಲ ಸುರಿದೆ. ಎರಡೂ ಕೈಯಿಂದ ಉಜ್ಜಿದೆ. ಒರೆಸಲು ನನ್ನ ತಲೆಯಲ್ಲಿ ಅಷ್ಟು ಕೂದಲಿಲ್ಲ, ಸೆರಗಿನಿಂದ ಒರೆಸಿದೆ. ವಾಕರಿಕೆ ಬರಲಿಲ್ಲ. ಬರುತ್ತದೆಂದು ಕಾದೆ, ಬರಲಿಲ್ಲ. ತಣ್ಣಗಿದ್ದ ಕಾಲಿಗೆ ಇಷ್ಟು ಸಲೀಸಾಗಿ ಮಾಡಿದ್ದನ್ನು ಬೆಚ್ಚಗಿದ್ದ ಕಾಲಿಗೆ ಮಾಡಲಾರದೆ ಹೋಗಿದ್ದೆ.

ಅಲ್ಲಿ ಕುಳಿತಾಗ ಬೆಥಾನಿಯದ ಆ ಮನೆ ಬೇರೆಯೇ ಕಂಡಿತು. ಅದು ಸಾವು ಕಂಡಿದ್ದ ಮನೆ. ಸ್ವಲ್ಪ ದಿನಗಳ ಹಿಂದೆ ಅದೇ ಮರಿಯಳ ತಮ್ಮ ಲಾಸರ ಸತ್ತು, ನಾಲ್ಕು ದಿನ ಗವಿಯಲ್ಲಿದ್ದ. ಕಲ್ಲು ಸರಿಸಬೇಡಿ, ನಾತ ಬರುತ್ತದೆ ಎಂದಿದ್ದಳು ಇನ್ನೊಬ್ಬ ಅಕ್ಕ ಮಾರ್ತ. ಸ್ವಾಮಿ ಎಬ್ಬಿಸಿದ ಮೇಲೆ ಅವನೇ ಈಗ ಪಂಕ್ತಿಯಲ್ಲಿ ಕೂತು ಉಣ್ಣುತ್ತಿದ್ದಾನೆ. ಈ ಎರಡು ಪಾಠವನ್ನು ನಾನು ಬೇರೆ ಬೇರೆ ವಾರ ಮಾಡುತ್ತಿದ್ದೆ, ಎಂದೂ ಕೂಡಿಸಿ ನೋಡಲಿಲ್ಲ. ತಮ್ಮನ ಕಾಯಿಲೆಯಲ್ಲಿ ಮರಿಯಳೂ ಹೊಸ್ತಿಲಾಚೆ ನಿಂತಿದ್ದಳೇ? ನಾಳೆ ನೋಡೋಣ ಎಂದಿದ್ದಳೇ? ನನಗೆ ಹಾಗೇ ಅನ್ನಿಸುತ್ತದೆ. ಒಮ್ಮೆ ತಪ್ಪಿಸಿಕೊಂಡವಳೇ ಎರಡನೆಯ ಸಲ ಹೂಳುವ ದಿನದ ತನಕ ಕಾಯದೆ ಉಸಿರಾಡುವ ಪಾದಕ್ಕೆ ಸುರಿಯುವುದು. ದಿ ವೆರಿ ಬೆಸ್ಟ್ ಅಲ್ಲ, ಬಿಫೋರ್ ಇಟ್ ಈಸ್ ಟೂ ಲೇಟ್. ಮಕ್ಕಳಿಗೆ ತಪ್ಪು ಪಾಠ ಹೇಳಿದೆ.

ಹದಿನೈದು ದಿನದ ಮೇಲೆ ಅಕ್ಕ ಮನೆಗೆ ಬಂದಳು. ಮನೆಯಲ್ಲಿ ಈಗ ವಾಸನೆ ಇಲ್ಲ. ಅವಳು ಹೆಚ್ಚು ಮಾತಾಡುವುದಿಲ್ಲ, ಅನ್ನ ಸೇರುವುದಿಲ್ಲ. ಎಡಗಾಲಿಗೂ ರಕ್ತ ಸರಿಯಾಗಿ ಹರಿಯುತ್ತಿಲ್ಲವಂತೆ. ಒಂದು ಮಧ್ಯಾಹ್ನ ಕರೆದಳು.

"ಬಲಗಾಲು ಹಿಮ್ಮಡಿ ಉರೀತೈತೆ."

"ಅದನ್ನ ಹರಿಹರದಲ್ಲಿ ಇಟ್ಟು ಬಂದೆನಲ್ಲ ಅಕ್ಕ."

"ನನಗೇನು ಮರೆವಾ? ಗೊತ್ತೈತೆ. ಆದ್ರೂ ಉರೀತೈತೆ. ಎಣ್ಣೆ ಹಚ್ಚು."

ಇಲ್ಲದ ಅಂಗ ನೋಯುವುದುಂಟು, ನರಗಳ ಆಟ ಎಂದು ಡಾಕ್ಟರ್ ಮೊದಲೇ ಹೇಳಿದ್ದರು. ಅಡುಗೆಮನೆಯಿಂದ ಕೊಬ್ಬರಿ ಎಣ್ಣೆ ತಂದು ಮಂಚದ ಮೇಲೆ ಅವಳ ಪಕ್ಕ ಕುಳಿತೆ. ಮೊಣಕಾಲಿನ ಕೆಳಗೆ ಬರೀ ಬೆಡ್‌ಶೀಟು. ಅಂಗೈಗೆ ಎಣ್ಣೆ ಸುರಿದುಕೊಂಡು ಬೆಡ್‌ಶೀಟಿನ ಮೇಲೆ ಉಜ್ಜಿದೆ.

"ಅದು ಮೀನಖಂಡ. ಇನ್ನೂ ಕೆಳಗ."

ಕೈ ಸರಿಸಿದೆ.

"ಹಾಂ, ಅಲ್ಲೇ. ಗಟ್ಟಿಯಾಗಿ ಒತ್ತು."

ಎಣ್ಣೆ ಹಾಸಿಗೆಗೆ ಇಳಿಯಿತು. ಬಹಳ ಹೊತ್ತು ಉಜ್ಜಿದೆ. ಅವಳು ಕಣ್ಣು ಮುಚ್ಚಿದ್ದಳು.

"ಉರಿ ಕಡಿಮೆ ಆಯ್ತಾ ಅಕ್ಕ?"

"ಇಲ್ಲ," ಎಂದಳು. "ನಿಲ್ಲಿಸಬ್ಯಾಡ."