ಪೂಜೆಗಿಟ್ಟ ಟೆಸ್ಟರು

ಅರವತ್ತರ ದಶಕದ ಆರಂಭ. ಮೆಟ್ರಿಕ್ ಮುಗಿಸಿ ಪಾಣೆಮಂಗಳೂರಿನ ಅಕ್ಕನ ಮನೆಯಲ್ಲಿದ್ದೆ. ತಲೆತುಂಬ ರೇಡಿಯೋ ರಿಪೇರಿಯ ಹುಚ್ಚು. ಮೂಡುಬಿದಿರೆಯ ರೇಡಿಯೋ ಅಂಗಡಿಯೊಂದಕ್ಕೆ ರಿಪೇರಿಯವ ಬೇಕಿತ್ತು. ಆ ಕೆಲಸವೊಂದು ಸಿಕ್ಕಿದರೆ ಜನ್ಮಕ್ಕೆ ಸಾಕು ಎಂದುಕೊಂಡಿದ್ದೆ.

ನನ್ನ ಬಳಿ ಸರ್ಟಿಫಿಕೇಟು ಇರಲಿಲ್ಲ. ತೋರಿಸಲಿಕ್ಕೆ ಏನಾದರೂ ಬೇಕಲ್ಲ ಎಂದು ಒಂದು ಟೆಸ್ಟರನ್ನು ನಾನೇ ಮಾಡಿದೆ. ಸಿಗರೇಟಿನ ತಗಡು ಡಬ್ಬಿಯೊಳಗೆ ಎರಡು ಟಾರ್ಚ್ ಸೆಲ್ಲು, ಮೇಲೊಂದು ಟಾರ್ಚ್ ಬಲ್ಬು, ಹೊರಗೆ ಎರಡು ವಯರು, ಅವುಗಳ ತುದಿಗೆ ಹಳೆ ಕೊಡೆಯ ಕಡ್ಡಿ. ಕಡ್ಡಿಗಳನ್ನು ತಂತಿಯ ಎರಡು ತುದಿಗೆ ಮುಟ್ಟಿಸಿದರೆ ಬಲ್ಬು ಉರಿಯಬೇಕು. ಉರಿಯದಿದ್ದರೆ ತಂತಿ ಒಳಗೆಲ್ಲೋ ತುಂಡಾಗಿದೆ. ಅಷ್ಟೇ ವಿದ್ಯೆ. ಕರೆಂಟಿಲ್ಲದ ಮನೆ, ಬೆಸುಗೆಗೆ ತಾಮ್ರದ ತುಂಡನ್ನು ಅಕ್ಕನ ಒಲೆಯ ಕೆಂಡದಲ್ಲೇ ಕಾಯಿಸುತ್ತಿದ್ದೆ. ಸುಟ್ಟ ಬೆರಳಿಗೆ ತೆಂಗಿನೆಣ್ಣೆ ಹಚ್ಚುತ್ತಿದ್ದವಳು ಅವಳೇ.

ಭಾವನಿಗೆ ಪೇಟೆಯಲ್ಲಿ ಸೈಕಲ್ ಅಂಗಡಿ. ಆಯುಧಪೂಜೆಯ ದಿನ, "ನಿನ್ನ ಡಬ್ಬಿಯನ್ನೂ ಇಡು ಮಾರಾಯ, ಮೂಡುಬಿದಿರೆಯ ರೇಡಿಯೋ ಅಂಗಡಿಯ ಧನಿಗಳನ್ನು ಕರೆದಿದ್ದೇನೆ" ಎಂದರು. ನನಗಾಗಿಯೇ ಕರೆದದ್ದೆಂದು ಉಬ್ಬಿಹೋದೆ. ಸ್ಪಾನರು, ಪಂಪುಗಳ ನಡುವೆ ಡಬ್ಬಿಯಿಟ್ಟು ಕುಂಕುಮ ಹಚ್ಚಿದೆ.

ಮಂಗಳಾರತಿಯಾದ ಮೇಲೆ ರೇಡಿಯೋ ಅಂಗಡಿಯ ಧನಿಗಳು ಅದನ್ನು ನೋಡಿದರು.

"ಇದು ಯಾರು ಮಾಡಿದ್ದು?"

"ನನ್ನ ತಮ್ಮ" ಎಂದರು ಭಾವ. ಪಂಕ್ಚರ್ ಹಾಕುವುದು ಬಿಟ್ಟು ಬೇರೇನೂ ತಿಳಿಯದ ಅವರ ತಮ್ಮ ಪಕ್ಕದಲ್ಲೇ ಕೈಕಟ್ಟಿ ನಿಂತಿದ್ದ.

"ಹೇಗೆ ನಡೀತದೆ, ನೋಡುವ."

"ಪೂಜೆಗೆ ಇಟ್ಟದ್ದಲ್ವಾ ಧನಿಗಳೇ, ನಾಳೆವರೆಗೆ ಮುಟ್ಟುವ ಹಾಗಿಲ್ಲ" ಎಂದರು ಭಾವ.

ಧನಿಗಳು ಭಕ್ತಿಯಿಂದ ತಲೆಯಾಡಿಸಿ, ಸೋಮವಾರದಿಂದ ಕೆಲಸಕ್ಕೆ ಬರಲು ಆ ತಮ್ಮನಿಗೆ ಹೇಳಿದರು. ನಾಲ್ಕು ಜನರೆದುರು ಭಾವನನ್ನು ಸುಳ್ಳುಗಾರ ಎಂದರೆ ಅಕ್ಕನ ಗತಿಯೇನು ಎಂಬ ಹೆದರಿಕೆ ನನಗೆ. ಅದು ಮೋಸ. ದೇವರ ಶಾಸ್ತ್ರವನ್ನು ಅಡ್ಡ ಹಿಡಿದು ಮಾಡಿದ ಮೋಸ. ಇವತ್ತಿಗೂ ಅದಕ್ಕೆ ಇದಕ್ಕಿಂತ ಮೆತ್ತಗಿನ ಶಬ್ದ ನನ್ನಲ್ಲಿಲ್ಲ.

ಅಕ್ಕನಿಗೆ ಹೇಳಿದರೆ ಅವಳಾದರೂ ಗಂಡನನ್ನು ಕೇಳಿಯಾಳು ಎಂದು ಅಂಗಡಿಯ ಒಳಕೋಣೆಗೆ ಹೋದೆ. ಅವಳು ಬಾಳೆಲೆಯ ತುಂಡುಗಳಿಗೆ ಪ್ರಸಾದದ ಪಂಚಕಜ್ಜಾಯ ಹಾಕುತ್ತಿದ್ದಳು. ನಡೆದದ್ದನ್ನು ಹೇಳಿದೆ. ಅವಳಿಗೆ ಆಶ್ಚರ್ಯವಾಗಲಿಲ್ಲ.

"ನಿನ್ನ ಭಾವ ಮೊನ್ನೆಯೇ ಹೇಳಿದ್ದರು" ಎಂದಳು, ತಲೆಯೆತ್ತದೆ. "ನೀನು ಓದಿದವ, ನಿನಗೆ ಎಲ್ಲಿಯಾದರೂ ಆಗ್ತದೆ. ಅವನಿಗೂ ಒಂದು ದಾರಿ ಆಗ್ಬೇಕಲ್ವಾ?"

ಮತ್ತೆ ನನ್ನ ಎಲೆಗೆ ಇನ್ನೊಂದು ಮುಷ್ಟಿ ಪಂಚಕಜ್ಜಾಯ ಹೆಚ್ಚಿಗೆ ಹಾಕಿದಳು.