ನಾನು ಏನನ್ನೂ ಒತ್ತಿಲ್ಲ

ತಲ್ಲೂರಿನಲ್ಲಿ ನಮ್ಮ ಮನೆತನಕ್ಕೆ ಮೂರು ತಲೆಮಾರಿನ ಹೆಸರಿದೆ. ಅಜ್ಜನ ಜವಳಿ ಅಂಗಡಿಯ ಅಳತೆಯ ಬಗ್ಗೆ ಯಾರೂ ಚಕಾರ ಎತ್ತಿದ್ದಿಲ್ಲ. ನಾನು ಕಾನ್ವೆಂಟಿನಲ್ಲಿ ಓದಿದವಳು. ಅನುಮತಿಯಿಲ್ಲದೆ ತರಗತಿಯ ಕಿಟಕಿಯನ್ನೂ ತೆರೆದವಳಲ್ಲ.

ಕಳೆದ ವಾರ, ನಾನು ಕೆಲಸ ಮಾಡುವ ಶಾಲೆಯ ಕಚೇರಿಯಲ್ಲಿ ನನ್ನ ಕಂಪ್ಯೂಟರಿನ ಬಾಣದ ಗುರುತು ತಾನಾಗಿಯೇ ಓಡಾಡಿ, ಮಕ್ಕಳ ಕಡತಗಳನ್ನು ತೆರೆಯತೊಡಗಿತು. ತಕ್ಷಣ ಪ್ಲಗ್ ಕಿತ್ತು, ಕಂಪ್ಯೂಟರ್ ನೋಡಿಕೊಳ್ಳುವ ಗುತ್ತಿಗೆದಾರರನ್ನು ಕರೆಸಿದೆ.

ಅವರು ಶಿಕ್ಷಕರೆಲ್ಲರ ಎದುರು ನಕ್ಕರು. “ಎಂತ ಒತ್ತಿದ್ರಿ ಅಮ್ಮ? ಬಹುಮಾನ ಸಿಕ್ತ್ ಅಂದೇಳಿ ಮೆಸೇಜ್ ಬಂದಿತ್ತಾ?”

“ನಾನು ಏನನ್ನೂ ಒತ್ತಿಲ್ಲ.”

“ಎಲ್ಲರೂ ಹೀಂಗೇ ಹೇಳುದ್.”

ಸಂಜೆ ಅವರೇ ಪತ್ತೆಹಚ್ಚಿದರು. ದೋಷ ಇದ್ದದ್ದು ತಂತ್ರಾಂಶದಲ್ಲಿ. ಇಲ್ಲಿ ಯಾರೂ ಏನೂ ಒತ್ತದಿದ್ದರೂ, ಎಲ್ಲೋ ಕುಳಿತವನು ನಮ್ಮ ಕಂಪ್ಯೂಟರಿನಲ್ಲಿ ತನಗೆ ಬೇಕಾದ್ದನ್ನು ನಡೆಸಬಹುದಂತೆ. ಅದನ್ನು ಸರಿಪಡಿಸುವ ಅಪ್‌ಡೇಟ್ ಎಂದೋ ಬಂದಿತ್ತಂತೆ.

“ಮತ್ತೆ ಅದನ್ನು ಏಕೆ ಹಾಕಲಿಲ್ಲ?” ಎಂದೆ.

“ಕಂಪ್ಯೂಟರ್ ಸ್ಲೋ ಆತ್ತ್ ಅಂದೇಳಿ ನಾನೇ ನಿಲ್ಸಿದ್ದೆ. ಇರ್ಲಿ, ಬಿಡಿ ಅಮ್ಮ.”

ಬಿಡುವುದಿಲ್ಲ. ಅವರು ನಕ್ಕದ್ದು ಶಿಕ್ಷಕರೆಲ್ಲರ ಎದುರು. ಕ್ಷಮೆಯನ್ನೂ ಅವರೆಲ್ಲರ ಎದುರೇ ಕೇಳಬೇಕು.